ಟ್ಯೂನರ್ ತಪ್ಪೋ, ಕಂಠ ತಪ್ಪೋ: ಶ್ರುತಿ ಸಾಧನೆಗೆ ಕ್ರೊಮ್ಯಾಟಿಕ್ ಟ್ಯೂನರ್ ಬಳಸುವವರಿಗೆ ದೋಷ ನಿವಾರಣೆ ಕೈಪಿಡಿ

ಮೈಸೂರಿನ ಕುವೆಂಪುನಗರದಲ್ಲಿ ನಾನು ಸಂಗೀತ ಪಾಠ ಹೇಳಿಕೊಡುವ ಕೋಣೆಗೆ ಬರುವವರಲ್ಲಿ ಹೆಚ್ಚಿನವರ ಫೋನಿನಲ್ಲಿ ಈಗ ಒಂದು ಕ್ರೊಮ್ಯಾಟಿಕ್ ಟ್ಯೂನರ್ ಇದ್ದೇ ಇರುತ್ತದೆ. ಮನೆಯಲ್ಲಿ ಸಾಧನೆಗೆ ಕುಳಿತಾಗ ಶ್ರುತಿ ಸೇರಿತೇ ಇಲ್ಲವೇ ಎಂದು ಹೇಳುವವರು ಪಕ್ಕದಲ್ಲಿ ಇರುವುದಿಲ್ಲವಾದ್ದರಿಂದ ಇದು ಒಳ್ಳೆಯದೇ. ಆದರೆ ಅವರು ಪಾಠಕ್ಕೆ ಹೊತ್ತು ತರುವ ದೂರು ಹೆಚ್ಚುಕಡಿಮೆ ಒಂದೇ: “ಮೇಡಂ, ಇಲ್ಲಿ ಸರಿಯಾಗಿ ಸೇರುತ್ತೆ, ಮನೆಯಲ್ಲಿ ಟ್ಯೂನರ್ ತಪ್ಪು ಅನ್ನುತ್ತೆ.” ಈ ದೂರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ದೋಷ ಕಂಠದಲ್ಲಿ ಸಿಕ್ಕಿದ್ದು ಕಡಿಮೆ. ಹಾಡುವವರು ಹಿಡಿದ ಷಡ್ಜಕ್ಕೂ (ಉಳಿದ ಸ್ವರಗಳಿಗೆಲ್ಲ ಆಧಾರವಾದ ‘ಸ’) ಟ್ಯೂನರ್ ಅಳತೆಗೆ ಹಿಡಿದ ಮೂಲಸ್ವರಕ್ಕೂ ತಾಳೆಯಾಗದೆ ಇದ್ದದ್ದೇ ಹೆಚ್ಚು. ಆದ್ದರಿಂದ ಖರ್ಚಿಲ್ಲದ, ಒಂದು ನಿಮಿಷದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಕಂಠವನ್ನು ಕಟ್ಟಕಡೆಗೆ ಅನುಮಾನಿಸಬೇಕೆಂಬ ಕ್ರಮದಲ್ಲಿ ಇದನ್ನು ಬರೆದಿದ್ದೇನೆ.

ಟ್ಯೂನರ್ ಮಾಡುವ ಕೆಲಸ ಬಹಳ ಸಣ್ಣದು. ಕೇಳಿಸಿದ ನಾದದ ಕಂಪನ ಸೆಕೆಂಡಿಗೆ ಎಷ್ಟು ಎಂದು ಅಳೆದು, ಸಮಪಾಲಿನ ಹನ್ನೆರಡು ಸ್ವರಗಳಲ್ಲಿ ಅದಕ್ಕೆ ಅತಿ ಹತ್ತಿರದ್ದು ಯಾವುದೆಂದು ಹೆಸರಿಸಿ, ಅಲ್ಲಿಂದ ಎಷ್ಟು ಸೆಂಟ್ ಮೇಲೆ ಅಥವಾ ಕೆಳಗೆ ಇದೆ ಎಂಬುದನ್ನು ಮುಳ್ಳಿನಲ್ಲಿ ತೋರಿಸುತ್ತದೆ. ಒಂದು ಸ್ಥಾಯಿಗೆ, ಅಂದರೆ ಒಂದು ‘ಸ’ದಿಂದ ಅದರ ಮೇಲಿನ ‘ಸ’ದವರೆಗೆ 1200 ಸೆಂಟ್, ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವೆ 100 ಸೆಂಟ್. ಮುಳ್ಳು ಎಡಕ್ಕೆ ವಾಲಿದರೆ ಇಳಿದಿದೆ, ಬಲಕ್ಕೆ ವಾಲಿದರೆ ಏರಿದೆ. ಷಡ್ಜ, ರಾಗ, ತಂಬೂರಿ ಇವು ಯಾವುವೂ ಅದಕ್ಕೆ ಗೊತ್ತಿಲ್ಲ. ಮುಂದೆ ಹೇಳುವ ತೊಡಕುಗಳಲ್ಲಿ ಅರ್ಧದಷ್ಟು ಹುಟ್ಟುವುದು ಇಲ್ಲಿಂದಲೇ.

ಹಾಡಿದರೂ ಮುಳ್ಳು ಕದಲುವುದಿಲ್ಲ

ಕ್ಲಿಪ್ ಮಾದರಿಯ ಟ್ಯೂನರ್ ಇದ್ದರೆ ಮೊದಲು ಅದರ ಗುಂಡಿಯನ್ನು ನೋಡಬೇಕು. ಗಿಟಾರು, ಪಿಟೀಲುಗಳ ತಲೆಗೆ ಸಿಕ್ಕಿಸುವ ಈ ಸಾಧನ ಮರದ ಅದುರುವಿಕೆಯನ್ನು ಗ್ರಹಿಸುತ್ತದೆಯೇ ಹೊರತು ಗಾಳಿಯಲ್ಲಿ ಬರುವ ದನಿಯನ್ನಲ್ಲ. ಕೆಲವು ಮಾದರಿಗಳಲ್ಲಿ ಮೈಕ್ ಮತ್ತು ಕ್ಲಿಪ್ ಎಂಬ ಎರಡು ಆಯ್ಕೆಗಳಿರುತ್ತವೆ. ಅಂಥದ್ದರಲ್ಲಿ ಮೈಕ್ ಕಡೆಗೆ ಬದಲಿಸಿದರೆ ಸಾಕು. ಮೈಕ್ ಇಲ್ಲದ ಮಾದರಿ ಹಾಡುಗಾರರಿಗೆ ಉಪಯೋಗವಿಲ್ಲ, ಕೊಳ್ಳುವ ಮುನ್ನವೇ ಕೇಳಿಕೊಳ್ಳಬೇಕು.

ಫೋನಿನಲ್ಲಾದರೆ ಆ ಆ್ಯಪ್‌ಗೆ ಮೈಕ್ ಬಳಸುವ ಅನುಮತಿ ಕೊಟ್ಟಿದ್ದೀರಾ, ಹಿನ್ನೆಲೆಯಲ್ಲಿ ಧ್ವನಿಮುದ್ರಣ ನಡೆಯುತ್ತಿದೆಯೇ, ಕವರು ಮೈಕಿನ ತೂತನ್ನು ಮುಚ್ಚಿದೆಯೇ ಎಂದು ನೋಡಬೇಕು. ತೂತಿಗೆ ಸೂಜಿ ಹಾಕಿ ಕೆದಕಬಾರದು. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಮೇಲ್ಮೈಯ ದೂಳನ್ನು ಮಾತ್ರ ತೆಗೆಯಬೇಕು. ಬ್ಲೂಟೂತ್ ಇಯರ್‌ಫೋನ್ ಜೋಡಿಸಿದ್ದರೆ ಫೋನು ತನ್ನ ಮೈಕನ್ನು ಬಿಟ್ಟು ಕಿವಿಯ ಮೈಕಿನಿಂದ ಕೇಳಿಸಿಕೊಳ್ಳುತ್ತಿರಬಹುದು, ಅದನ್ನು ತೆಗೆದು ಮತ್ತೆ ನೋಡಿ.

ಪರದೆ ಮಂಕಾಗಿದ್ದರೆ ಬ್ಯಾಟರಿ ಬದಲಿಸಬೇಕು. ಪುಟ್ಟ ಟ್ಯೂನರ್‌ಗಳಲ್ಲಿ ಇರುವ ಗುಂಡಿಯಾಕಾರದ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗುವ ಅಪಾಯವಿದೆ. ವಾಂತಿ ಮಾಡಿಸಲು ಹೋಗದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಾಯಿ ತೆರೆಯುವ ಮುನ್ನವೇ ಸ್ವರ ತೋರಿಸುತ್ತದೆ

ಐದು ಮನೆ ಶ್ರುತಿಯಲ್ಲಿ, ಅಂದರೆ ಪಾಶ್ಚಾತ್ಯರ ಜಿ ಸ್ವರವನ್ನು ಷಡ್ಜವಾಗಿ ಹಿಡಿದು ಹಾಡುವ ಒಬ್ಬ ವಿದ್ಯಾರ್ಥಿನಿ ತನ್ನ ಷಡ್ಜ ಯಾವಾಗಲೂ 35 ಸೆಂಟ್ ಏರಿರುತ್ತದೆಂದು ಹಲವು ದಿನ ಬೇಸರಪಟ್ಟುಕೊಂಡಿದ್ದಳು. ಅವಳು ಸಾಧನೆ ಮಾಡುತ್ತಿದ್ದುದು ಅಡುಗೆಮನೆಗೆ ಹೊಂದಿಕೊಂಡ ಪಡಸಾಲೆಯಲ್ಲಿ. ಹಾಡದೆ ಸುಮ್ಮನೆ ಫೋನನ್ನು ಫ್ರಿಜ್ಜಿನ ಪಕ್ಕ ಹಿಡಿದಾಗ ಪರದೆಯ ಮೇಲೆ ಅದೇ ಜಿ, ಅದೇ 35 ಸೆಂಟ್ ಮೇಲೆ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಫ್ರಿಜ್ಜು, ಯುಪಿಎಸ್, ಹಳೆಯ ಟ್ಯೂಬ್‌ಲೈಟಿನ ಚೋಕು ಇವೆಲ್ಲ 50 ಅಥವಾ ಅದರ ಎರಡರಷ್ಟಾದ 100 ಹರ್ಟ್ಸ್‌ನಲ್ಲಿ ಗುಂಯ್ಗುಡುತ್ತವೆ. ಎ ಸ್ವರಕ್ಕೆ 440 ಎಂದು ಹಿಡಿದ ಅಳತೆಯಲ್ಲಿ ಕೆಳಗಿನ ಜಿ ಸ್ವರದ ಆವರ್ತನ 98 ಹರ್ಟ್ಸ್. 100 ಎಂದರೆ ಅದಕ್ಕಿಂತ ಸರಿಯಾಗಿ 35 ಸೆಂಟ್ ಮೇಲೆ. ಐದು ಮನೆಯವರ ಷಡ್ಜವೂ ಜಿ ಆಗಿರುವುದರಿಂದ ಈ ಗುಂಯ್‌ಕಾರ ಅವರದೇ ಶ್ರುತಿದೋಷದ ವೇಷ ಹಾಕಿಕೊಂಡು ಬರುತ್ತದೆ. ಸ್ವರದ ಹೆಸರಿನ ಪಕ್ಕದ ಸ್ಥಾಯಿಯ ಅಂಕೆಯನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ: ಹೆಣ್ಣುಮಕ್ಕಳ ಮಧ್ಯಷಡ್ಜ ಜಿ3 ಎಂದು ಬಂದರೆ ಫ್ರಿಜ್ಜಿನದು ಜಿ2 ಅಥವಾ ಜಿ1.

ಇದಕ್ಕೆ ಪರಿಹಾರ ಸುಲಭ. ಕೋಣೆ ಬದಲಿಸಿ, ಫ್ಯಾನು ನಿಲ್ಲಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಉಸಿರು ನೇರವಾಗಿ ಬಡಿಯದಂತೆ ಸ್ವಲ್ಪ ಓರೆಯಾಗಿ ಇಡಬೇಕು. ಹಾಡದೆ ಇದ್ದಾಗ ಪರದೆ ಖಾಲಿಯಾಗಿದ್ದರೆ ಮಾತ್ರ ಮುಂದಿನ ಪರೀಕ್ಷೆಗಳಿಗೆ ಅರ್ಥವಿದೆ.

ಸ್ವರದ ಹೆಸರೇ ತಾಳೆಯಾಗುವುದಿಲ್ಲ

ಹಾರ್ಮೋನಿಯಂ ಮನೆಗಳ ಲೆಕ್ಕವನ್ನು ಪಾಶ್ಚಾತ್ಯ ಹೆಸರುಗಳಿಗೆ ಹೊಂದಿಸುವಾಗ ಆಗುವ ಎಡವಟ್ಟು ಇದು. ಒಂದು ಮನೆ ಸಿ, ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರು ಎ, ಏಳು ಬಿ. ಅರ್ಧಮನೆ ಎಂದರೆ ಅದರ ಶಾರ್ಪ್: ಒಂದೂವರೆ ಸಿ ಶಾರ್ಪ್, ಐದೂವರೆ ಜಿ ಶಾರ್ಪ್. ಮೂರೂವರೆ ಮನೆ ಎಂಬುದಿಲ್ಲ, ಏಕೆಂದರೆ ಇ ಮತ್ತು ಎಫ್ ನಡುವೆ ಕಪ್ಪು ಮನೆಯಿಲ್ಲ. ಜಿ ಶಾರ್ಪ್ ಬರಬೇಕಾದಲ್ಲಿ ಎ ಫ್ಲ್ಯಾಟ್ ಎಂದು ಬಂದರೆ ಗಾಬರಿ ಬೇಡ, ಎರಡೂ ಒಂದೇ ಮನೆ.

ಹೆಸರು ಪ್ರತಿ ಬಾರಿಯೂ ಒಂದೇ ಅಂತರದಲ್ಲಿ, ಉದಾಹರಣೆಗೆ ಎರಡು ಸ್ವರಸ್ಥಾನ ಸರಿದು ಬರುತ್ತಿದ್ದರೆ ಟ್ರಾನ್ಸ್‌ಪೋಸ್ ಎಂಬ ಆಯ್ಕೆ ಎಲ್ಲೋ ಬದಲಾಗಿದೆ, ಅದನ್ನು ಸೊನ್ನೆಗೆ ತರಬೇಕು. ಏನು ಹಾಡಿದರೂ ಇ, ಎ, ಡಿ, ಜಿ, ಬಿ ಇಷ್ಟರಲ್ಲೇ ಸುತ್ತುತ್ತಿದ್ದರೆ ಆ್ಯಪು ಗಿಟಾರ್ ಆಯ್ಕೆಯಲ್ಲಿ ಕುಳಿತಿದೆ ಎಂದರ್ಥ. ಕ್ರೊಮ್ಯಾಟಿಕ್ ಎಂಬುದನ್ನು ಆರಿಸಿಕೊಳ್ಳಬೇಕು.

ಷಡ್ಜದಿಂದ ಷಡ್ಜದವರೆಗೆ ಎಲ್ಲವೂ ಒಂದೇ ಸಮನಾಗಿ ಏರಿದೆ ಅಥವಾ ಇಳಿದಿದೆ

ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ತಪ್ಪುವುದು ಕಂಠದ ಲಕ್ಷಣವಲ್ಲ. ಕಂಠದ ತಪ್ಪಿಗೆ ಅಷ್ಟು ಶಿಸ್ತು ಇರುವುದಿಲ್ಲ. ಅಳತೆಗೋಲೇ ಸರಿದಿದೆ ಎಂದು ತಿಳಿಯಬೇಕು.

ಎ ಸ್ವರ 440 ಹರ್ಟ್ಸ್ ಎಂಬುದು ಅಂತರರಾಷ್ಟ್ರೀಯ ಒಪ್ಪಂದ; 1975ರ ಐಎಸ್‌ಒ 16 ಎಂಬ ಮಾನಕದಲ್ಲಿ ಅದೇ ಇದೆ. ಟ್ಯೂನರ್‌ಗಳಲ್ಲಿ ಈ ಅಂಕೆಯನ್ನು ಬದಲಿಸಬಹುದು. ಅದು 442ರಲ್ಲಿ ಇದ್ದರೆ ಸರಿಯಾಗಿ ಹಾಡಿದ್ದೆಲ್ಲ 8 ಸೆಂಟ್ ಇಳಿದಂತೆ ಕಾಣುತ್ತದೆ. 432ರಲ್ಲಿ ಇದ್ದರೆ ಸುಮಾರು 32 ಸೆಂಟ್ ಏರಿದಂತೆ ಕಾಣುತ್ತದೆ. ಮಂಡ್ಯದಿಂದ ಭಾನುವಾರದ ರೈಲು ಹಿಡಿದು ಬರುವ ನಮ್ಮ ಹುಡುಗನೊಬ್ಬ ಯಾವುದೋ ವಿಡಿಯೊ ನೋಡಿ, 432 ಮನಸ್ಸಿಗೆ ಶಾಂತಿ ಕೊಡುತ್ತದೆಂದು ಹಾಗೆ ಬದಲಿಸಿಕೊಂಡಿದ್ದ. ಶಾಂತಿಯ ವಿಚಾರ ನನಗೆ ತಿಳಿಯದು. ಎರಡು ವಾರ ಅವನು ಷಡ್ಜವನ್ನು ಕೆಳಕ್ಕೆ ಒತ್ತಿ ಒತ್ತಿ ಹಾಡಿ, ತಂಬೂರಿಗೆ ಸೇರದ ಷಡ್ಜವನ್ನು ಅಭ್ಯಾಸ ಮಾಡಿಕೊಂಡಿದ್ದು ಮಾತ್ರ ನಿಜ.

ಅಂಕೆ 440 ಇದ್ದೂ ದೋಷ ಉಳಿದರೆ ಶ್ರುತಿಪೆಟ್ಟಿಗೆಯನ್ನು ಪರೀಕ್ಷಿಸಬೇಕು. ನೀವು ಹಾಡದೆ, ಪೆಟ್ಟಿಗೆಯ ಷಡ್ಜವನ್ನು ಮಾತ್ರ ಟ್ಯೂನರ್‌ಗೆ ಕೇಳಿಸಿ. ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿ ಶ್ರುತಿಯನ್ನು ನಯವಾಗಿ ಏರಿಳಿಸುವ ತಿರುಗುಣಿ ಚೀಲದಲ್ಲಿ ಒತ್ತಿಕೊಂಡು ತಿರುಗಿರುವುದು ಸಾಮಾನ್ಯ. ತಿದಿಯ ಶ್ರುತಿಪೆಟ್ಟಿಗೆಯ ರೀಡುಗಳು ವರ್ಷಗಳು ಕಳೆದಂತೆ ತಾವಾಗಿಯೇ ಸರಿಯುತ್ತವೆ. ತಂತಿಯ ತಂಬೂರಿಯಂತೂ ಬೆಳಗಿನ ತಂಪಿಗೂ ಮಧ್ಯಾಹ್ನದ ಸೆಕೆಗೂ ಬೇರೆಬೇರೆಯಾಗಿ ನುಡಿಯುತ್ತದೆ.

ಪೆಟ್ಟಿಗೆಯೇ 12 ಸೆಂಟ್ ಏರಿದ್ದರೆ ಅದನ್ನು ತಪ್ಪೆಂದು ಎಣಿಸಬೇಕಿಲ್ಲ. ನಮ್ಮ ಸಂಗೀತದಲ್ಲಿ ಷಡ್ಜ ಎಲ್ಲಿ ಬೇಕಾದರೂ ಇರಬಹುದು, ಉಳಿದ ಸ್ವರಗಳು ಅದಕ್ಕೆ ಹೊಂದಿಕೊಂಡರೆ ಸಾಕು. ಟ್ಯೂನರ್‌ನ ಅಂಕೆಯನ್ನೇ ಪೆಟ್ಟಿಗೆಗೆ ಹೊಂದಿಸಿಬಿಡಿ. ಒಂದು ಹರ್ಟ್ಸ್‌ಗೆ ಸುಮಾರು 4 ಸೆಂಟ್ ಎಂಬ ಲೆಕ್ಕದಲ್ಲಿ 440ನ್ನು 443 ಮಾಡಿದರೆ ಮುಳ್ಳು ನಡುವೆ ಬಂದು ನಿಲ್ಲುತ್ತದೆ. ಪೆಟ್ಟಿಗೆಯನ್ನು ಬಿಚ್ಚಿ ರೀಡು ಕೆರೆಯುವ, ಕರೆಂಟಿನ ಪೆಟ್ಟಿಗೆಯ ಮುಚ್ಚಳ ತೆಗೆಯುವ ಸಾಹಸ ಬೇಡ. ಒಂದು ರೀಡು ಮಾತ್ರ ಬೇರೆಯಾಗಿ ನುಡಿಯುತ್ತಿದ್ದರೆ, ಅಥವಾ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಶ್ರುತಿ ನೋಡನೋಡುತ್ತಲೇ ಜಾರುತ್ತಿದ್ದರೆ ರಿಪೇರಿಯವರಿಗೆ ಕೊಡಬೇಕು.

ಷಡ್ಜ, ಪಂಚಮ ಹಸಿರು. ಗಾಂಧಾರ ಮಾತ್ರ ಯಾವಾಗಲೂ ಕೆಂಪು

ಈ ಲಕ್ಷಣ ಕಂಡರೆ ಗಾಬರಿಪಡುವ ಬದಲು ಸಂತೋಷಪಡಬೇಕೆಂದು ನಾನು ಹೇಳುವುದುಂಟು. ತಂಬೂರಿಯ ಮಂದ್ರಷಡ್ಜದ (ಕೆಳಸ್ಥಾಯಿಯ ಷಡ್ಜದ) ತಂತಿಯನ್ನು ಒಂಟಿಯಾಗಿ ಮೀಟಿ, ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಜೀವಾಳದ ದಾರ ಸರಿಯಾಗಿ ಕೂತಿದ್ದರೆ, ಆ ನಾದದ ಬಾಲದಲ್ಲಿ ಅಂತರ ಗಾಂಧಾರವೊಂದು ತಾನಾಗಿಯೇ ಹೊಳೆಯುವುದು ಕಿವಿಗೊಟ್ಟವರಿಗೆ ಕೇಳಿಸುತ್ತದೆ. ಸ್ವಯಂಭೂ ಗಾಂಧಾರವೆಂದು ಹಿರಿಯರು ಕರೆಯುವುದು ಇದನ್ನೇ. ಅದು ಷಡ್ಜದ ಐದರಷ್ಟು ಕಂಪನದ ಉಪನಾದ. ಅದನ್ನು ಷಡ್ಜದ ಸ್ಥಾಯಿಗೆ ಇಳಿಸಿ ಲೆಕ್ಕ ಹಾಕಿದರೆ 5:4ರ ಅನುಪಾತ, ಅಂದರೆ 386 ಸೆಂಟ್. ಟ್ಯೂನರ್‌ನ ಸಮಪಾಲಿನ ಲೆಕ್ಕದಲ್ಲಿ ಅದೇ ಗಾಂಧಾರದ ಜಾಗ 400 ಸೆಂಟ್. ತಂಬೂರಿಯಲ್ಲಿ ಲೀನವಾಗುವಂತೆ ಗಾಂಧಾರ ಹಾಡಿದವರ ಮುಳ್ಳು ಆದ್ದರಿಂದಲೇ 14 ಸೆಂಟ್ ಎಡಕ್ಕೆ ನಿಲ್ಲುತ್ತದೆ. ಪಂಚಮಕ್ಕೆ ಈ ತೊಂದರೆಯಿಲ್ಲ: 3:2ರ ಶುದ್ಧ ಪಂಚಮ 702 ಸೆಂಟ್, ಟ್ಯೂನರ್‌ನದು 700. ಎರಡು ಸೆಂಟಿಗೆ ಹಸಿರು ಕೆಂಪಾಗುವುದಿಲ್ಲ.

ಆರಂಭದ ಪಾಠವಾದ ಸರಳೆ ವರಸೆ ಹಾಡುವ ಮಾಯಾಮಾಳವಗೌಳ ರಾಗವನ್ನು ಐದೂವರೆ ಮನೆಯಲ್ಲಿ, ಅಂದರೆ ಜಿ ಶಾರ್ಪ್ ಷಡ್ಜವಾಗಿ ಹಿಡಿದರೆ ಟ್ಯೂನರ್ ಹೀಗೆ ತೋರಬೇಕು. ಶುದ್ಧ ರಿಷಭ ಎ ಹತ್ತಿರ, ಸುಮಾರು 12 ಸೆಂಟ್ ಮೇಲೆ. ಅಂತರ ಗಾಂಧಾರ ಸಿ, 14 ಕೆಳಗೆ. ಶುದ್ಧ ಮಧ್ಯಮ ಸಿ ಶಾರ್ಪ್, 2 ಕೆಳಗೆ. ಪಂಚಮ ಡಿ ಶಾರ್ಪ್, 2 ಮೇಲೆ. ಶುದ್ಧ ಧೈವತ ಇ, 14 ಮೇಲೆ. ಕಾಕಲಿ ನಿಷಾದ ಜಿ, 12 ಕೆಳಗೆ. ಇವು 16:15, 8:5, 15:8 ಮೊದಲಾದ ಸರಳ ಅನುಪಾತಗಳಿಂದ ಬಂದ ಅಂಕಿಗಳು. ಹಾಡುವಾಗ ಸ್ವರ ರಾಗದ ಚಲನೆಗೆ ತಕ್ಕಂತೆ ಇನ್ನೂ ಸ್ವಲ್ಪ ಸರಿಯುವುದರಿಂದ ಇವನ್ನು ಗೆರೆ ಕೊರೆದಂತೆ ಪಾಲಿಸಬೇಕಿಲ್ಲ. ಆದರೆ ಗಾಂಧಾರದ ಮುಳ್ಳನ್ನು ಹಟ ಹಿಡಿದು ನಡುವಿಗೆ ಎಳೆದು ಹಸಿರು ಮಾಡುತ್ತಾ ಹೋದರೆ, ತಂಬೂರಿಯ ಒಳಗಿರುವ ಗಾಂಧಾರದೊಡನೆ ಅದು ಕಾದಾಡುತ್ತದೆ.

ಹಾರ್ಮೋನಿಯಂನ ರೀಡುಗಳಿಗೂ ಸಾಮಾನ್ಯವಾಗಿ ಇದೇ ಸಮಪಾಲಿನ ಲೆಕ್ಕ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದಾಗ ನಡೆದ ವಾದಗಳಲ್ಲಿ ಈ ಗಾಂಧಾರದ ಜಗಳವೂ ಒಂದು. ಟ್ಯೂನರ್ ಅನ್ನು ಹೊರಗಿಡಬೇಕೆಂದು ನಾನು ಹೇಳುವುದಿಲ್ಲ. ಷಡ್ಜ, ಪಂಚಮ, ಮಧ್ಯಮಗಳಿಗೆ ಅದನ್ನು ನಂಬಿ, ಉಳಿದವಕ್ಕೆ ತಂಬೂರಿಯನ್ನು ಕೇಳಿ.

ಮುಳ್ಳು ಒಂದು ಕ್ಷಣವೂ ನಿಲ್ಲುವುದಿಲ್ಲ

ಏನು ಹಾಡುತ್ತಿದ್ದೀರಿ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ತೋಡಿ ರಾಗದ ಗಾಂಧಾರದಂಥ, ಸ್ವರವನ್ನು ತೂಗಿ ಅಲುಗಿಸಿ ಹಾಡುವ ಕಂಪಿತ ಗಮಕದಲ್ಲಿ ಮುಳ್ಳು ನಿಂತರೆ ಹಾಡೇ ತಪ್ಪಿದೆ ಎಂದರ್ಥ. ಗಮಕವಿಲ್ಲದ, ನೀಳವಾದ ಸ್ವರಕ್ಕೆ ಮಾತ್ರ ಟ್ಯೂನರ್ ಬಳಸಬೇಕು. ಸ್ವರದ ಏರಿಳಿತವನ್ನು ಗೆರೆಯಾಗಿ ಬರೆದು ತೋರಿಸುವ ಬೇರೆ ಆ್ಯಪುಗಳಿವೆ, ಗಮಕ ನೋಡಲು ಅವು ವಾಸಿ.

ನೀಳಸ್ವರದಲ್ಲೂ ಅಲುಗಾಡಿದರೆ, ಅಲುಗಾಟ ಎಲ್ಲಿದೆ ಎಂದು ಗಮನಿಸಬೇಕು. ಆರಂಭದ ಅರ್ಧ ಸೆಕೆಂಡಿನಲ್ಲಿ ಮಾತ್ರ ಎಡದಿಂದ ಜಾರಿ ಬಂದು ನಿಂತರೆ, ಸ್ವರವನ್ನು ಕೆಳಗಿನಿಂದ ತಡವಿ ಹಿಡಿಯುತ್ತಿದ್ದೀರಿ. ಹಾಡುವ ಮುನ್ನ ಸ್ವರವನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು ನೇರವಾಗಿ ಇಳಿಯುವುದನ್ನು ಕಲಿತರೆ ಇದು ಹೋಗುತ್ತದೆ. ಕೊನೆಯಲ್ಲಿ ಎಡಕ್ಕೆ ಬಿದ್ದರೆ ಉಸಿರು ಮುಗಿದಿದೆ. ಅಕಾರದಿಂದ ಇಕಾರಕ್ಕೆ ಹೋದಾಗ ಮುಳ್ಳು ಸರಿದರೆ ನಾಲಿಗೆ, ದವಡೆ ಬಿಗಿಯಾಗಿವೆ. ಬಾಯಿ ಮುಚ್ಚಿ ‘ಮ್’ ಎಂದು ಗುನುಗಿದಾಗ ಮುಳ್ಳು ನಿಂತು, ಬಾಯಿ ತೆರೆದಾಗ ಅಲುಗಿದರೂ ಇದೇ ಕಾರಣ. ಉದ್ದಕ್ಕೂ ಐದು, ಹತ್ತು ಸೆಂಟಿನ ನಸುನಡುಕ ಇರುವುದು ಮನುಷ್ಯಕಂಠದ ಸಹಜ ಗುಣ, ಅದರ ಬೆನ್ನು ಹತ್ತಬೇಡಿ.

ಷಡ್ಜ ಹಾಡಿದರೆ ಪಂಚಮ ತೋರಿಸುತ್ತದೆ

ಗಂಡಸರಲ್ಲಿ ಇದು ಹೆಚ್ಚು. ಒಂದು ಮನೆಯ ಷಡ್ಜ ಸುಮಾರು 131 ಹರ್ಟ್ಸ್. ಮಂದ್ರಪಂಚಮಕ್ಕೆ ಇಳಿದರೆ 98. ಫೋನಿನ ಪುಟ್ಟ ಮೈಕು ಅಷ್ಟು ಕೆಳಗಿನ ನಾದವನ್ನು ಸೊರಗಿಸಿ, ಅದರ ಮೂರರಷ್ಟು ಕಂಪನದ ಉಪನಾದವನ್ನೇ ಎತ್ತಿಕೊಳ್ಳುವುದುಂಟು. ಷಡ್ಜದ ಮೂರನೆಯ ಉಪನಾದವೇ ಮೇಲಿನ ಸ್ಥಾಯಿಯ ಪಂಚಮ. ಫೋನಿಗೆ ಹತ್ತಿರ ಕುಳಿತು, ದನಿಯನ್ನು ಮೃದುಗೊಳಿಸಿ, ಉಕಾರದಲ್ಲಿ ಹಾಡಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಇನ್ನೊಂದು ಸಾಧ್ಯತೆ ಎಂದರೆ ಪಕ್ಕದಲ್ಲಿ ನುಡಿಯುತ್ತಿರುವ ತಂಬೂರಿಯ ಪಂಚಮದ ತಂತಿಯೇ ಟ್ಯೂನರ್‌ಗೆ ಕೇಳಿಸುತ್ತಿರುವುದು. ಟ್ಯೂನರ್ ನೋಡುವಷ್ಟು ಹೊತ್ತು ತಂಬೂರಿಯನ್ನು ತಂತಿಯ ಇಯರ್‌ಫೋನಿನಲ್ಲಿ ಒಂದು ಕಿವಿಗೆ ಮಾತ್ರ ಕೇಳಿಸಿಕೊಳ್ಳಿ, ಇನ್ನೊಂದು ಕಿವಿ ನಿಮ್ಮ ದನಿಗೆ ತೆರೆದಿರಲಿ. ಸದ್ದು ಹದವಾಗಿರಬೇಕು, ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ಮಕ್ಕಳಿಗೆ 75.

ಟ್ಯೂನರ್ ಇದ್ದರೆ ಸೇರುತ್ತದೆ, ಮುಚ್ಚಿಟ್ಟರೆ ಸೇರುವುದಿಲ್ಲ

ಸಾಧನಗಳೆಲ್ಲ ಸರಿಯಾಗಿದ್ದೂ ಕಾಡುವ ದೋಷವಿದು. ಕಣ್ಣು ಶ್ರುತಿ ಹಿಡಿಯುತ್ತಿದೆ, ಕಿವಿ ನಿದ್ದೆಮಾಡುತ್ತಿದೆ. ಫೋನನ್ನು ಬೋರಲು ಹಾಕಿ, ತಂಬೂರಿ ಕೇಳುತ್ತಾ ಷಡ್ಜವನ್ನು ಹಿಡಿದು, ‘ಸೇರಿತು’ ಎಂದು ನಿಮಗೆ ಅನ್ನಿಸಿದ ಮೇಲೆ, ಸ್ವರ ಬಿಡದೆ ಫೋನನ್ನು ಮಗುಚಿ ನೋಡಬೇಕು. ಮುಳ್ಳು ಎಡಕ್ಕಿತ್ತೋ ಬಲಕ್ಕಿತ್ತೋ ಎಷ್ಟಿತ್ತೋ ಎಂದು ಒಂದು ವಾರ ಪುಸ್ತಕದಲ್ಲಿ ಬರೆದಿಡಿ. ಪ್ರತಿದಿನ ಎಡಕ್ಕೇ ಇದ್ದರೆ ಕಿವಿಗೆ ಇಳಿದ ಷಡ್ಜ ಒಗ್ಗಿಹೋಗಿದೆ. ಎರಡೂ ಕಡೆ ಚೆಲ್ಲಾಪಿಲ್ಲಿಯಾಗಿದ್ದರೆ ಇನ್ನೂ ಒಗ್ಗಿಲ್ಲ, ಅಷ್ಟೆ.

ಎರಡು ನಾದಗಳು ಹತ್ತಿರ ಬಂದಾಗ ಏಳುವ ಅಲೆಯನ್ನು ಕೇಳಲು ಕಲಿಯುವುದು ಇದಕ್ಕಿಂತ ಮೇಲಿನ ಪಾಠ. ಐದೂವರೆ ಮನೆಯ ಷಡ್ಜ 207.65 ಹರ್ಟ್ಸ್. ನೀವು 10 ಸೆಂಟ್ ತಪ್ಪಿದರೆ ತಂಬೂರಿಯೊಡನೆ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ಅಲೆ ಏಳುತ್ತದೆ. 5 ಸೆಂಟ್ ಆದರೆ ಅದರ ಅರ್ಧ. ಅಲೆ ನಿಧಾನವಾಗುತ್ತಾ ಹೋಗಿ ಕೊನೆಗೆ ನಿಂತುಬಿಟ್ಟಾಗ ಕೋಣೆಯಲ್ಲಿ ಒಂದೇ ನಾದ ಉಳಿಯುತ್ತದೆ. ಇದಕ್ಕೆ ಇಯರ್‌ಫೋನ್ ಆಗದು, ತಂಬೂರಿ ಎದುರಿಗೇ ನುಡಿಯಬೇಕು.

ಹದಿನೈದು ನಿಮಿಷ ಸರಿ, ಆಮೇಲೆ ಇಳಿಯುತ್ತಾ ಹೋಗುತ್ತದೆ

ಇಲ್ಲಿಗೆ ಬಂದಾಗ ಕಂಠವನ್ನು ಅನುಮಾನಿಸಬಹುದು. ಧನುರ್ಮಾಸದ ನಸುಕಿನಲ್ಲಿ, ಎದ್ದ ಕೂಡಲೇ ಸಾಧನೆಗೆ ಕುಳಿತವರ ಕಂಠ ತಗ್ಗಿನಲ್ಲೇ ಇರುತ್ತದೆ. ಬಿಸಿನೀರು ಕುಡಿದು, ಮಂದ್ರದಲ್ಲಿ ಗುನುಗಿ ಹದಗೊಳಿಸಿಕೊಂಡರೆ ಸಾಕು. ಹಾಡುತ್ತಾ ಹಾಡುತ್ತಾ ಇಳಿದರೆ ದಣಿವು. ತಾರಸ್ಥಾಯಿಯಲ್ಲಿ ಮಾತ್ರ ಮುಳ್ಳು ಬಲಕ್ಕೆ ಓಡಿದರೆ ಗಂಟಲಿನಿಂದ ತಳ್ಳಿ ಹಾಡುತ್ತಿದ್ದೀರಿ. ಒಂದು ಅಥವಾ ಅರ್ಧ ಮನೆ ಇಳಿಸಿ ಒಂದು ತಿಂಗಳು ಹಾಡಿ ನೋಡಿ. ಶ್ರುತಿ ಇಳಿಸುವುದನ್ನು ಅವಮಾನವೆಂದು ತಿಳಿಯುವ ಹಟ ನಮ್ಮಲ್ಲಿ ಬಹಳ. ಅದರಿಂದ ಕೆಟ್ಟ ಕಂಠಗಳನ್ನು ಕಂಡಿದ್ದೇನೆ.

ಹಾಡುವಾಗ ನೋವಾದರೆ ಆ ದಿನದ ಸಾಧನೆಯನ್ನು ಅಲ್ಲಿಗೇ ನಿಲ್ಲಿಸಬೇಕು. ದನಿ ಗೊಗ್ಗರಾಗಿ ಮೂರು ವಾರ ಕಳೆದರೂ ತಿಳಿಯಾಗದಿದ್ದರೆ, ಮೊದಲು ಮುಟ್ಟುತ್ತಿದ್ದ ಸ್ವರಗಳು ಇದ್ದಕ್ಕಿದ್ದಂತೆ ಕೈತಪ್ಪಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ ಕಷಾಯ, ಜ್ಯೇಷ್ಠಮಧು ಎಂದು ದಿನ ದೂಡದೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬೇಕು. ಮೈಸೂರಿನವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ. ಅಲ್ಲಿ ಧ್ವನಿಯನ್ನೂ ಶ್ರವಣವನ್ನೂ ಪರೀಕ್ಷಿಸುತ್ತಾರೆ. ಒಂದು ಕಿವಿಯಲ್ಲಿ ಒಂದು ಶ್ರುತಿ, ಇನ್ನೊಂದರಲ್ಲಿ ಬೇರೆ ಶ್ರುತಿ ಕೇಳಿಸುವಂತಾದರೆ ಅದೂ ಟ್ಯೂನರ್‌ನಿಂದ ಬಗೆಹರಿಯುವ ವಿಷಯವಲ್ಲ. ಮಂಡ್ಯದವರು ಅಲ್ಲಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮೊದಲು ತೋರಿಸಿಕೊಳ್ಳಬಹುದು.

ಹನ್ನೆರಡು, ಹದಿನೈದು ವಯಸ್ಸಿನ ನಡುವಿನ ಹುಡುಗರ ಮುಳ್ಳು ಕುಣಿದಾಡುವುದಕ್ಕೆ ಮಾತ್ರ ಯಾವ ಪರೀಕ್ಷೆಯೂ ಬೇಕಿಲ್ಲ. ಅವರ ದನಿ ಒಡೆದು ಗಂಡುದನಿಯಾಗುತ್ತಿರುತ್ತದೆ, ಇಂದಿನ ಷಡ್ಜ ಮುಂದಿನ ತಿಂಗಳಿಗೆ ಇರುವುದಿಲ್ಲ. ಆ ಅವಧಿಯಲ್ಲಿ ಟ್ಯೂನರ್ ಅನ್ನು ಎತ್ತಿಟ್ಟು, ಕಷ್ಟವಿಲ್ಲದೆ ಬರುವ ನಾಲ್ಕೈದು ಸ್ವರಗಳಲ್ಲೇ ಮೃದುವಾಗಿ ಹಾಡಿಸುತ್ತೇನೆ. ಮಂಡ್ಯದ ಆ ಹುಡುಗನ ಪಾಠದ ಪುಸ್ತಕದ ಮೊದಲ ಪುಟದಲ್ಲಿ ಶ್ರುತಿಯ ಜಾಗವನ್ನು ಈಗ ಪೆನ್ಸಿಲಿನಲ್ಲೇ ಬರೆಯುತ್ತಿದ್ದೇವೆ; ನಾಲ್ಕು ಎಂಬುದನ್ನು ಅಳಿಸಿ ಎರಡೂವರೆ ಮಾಡಿದ್ದು ಕಳೆದ ಭಾನುವಾರ.